ದಾಕ್ಷಿಣ್ಯದ 'ಹೂಂ'



ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ಭಾನುವಾರ ಸಂಜೆ, ಮನೆಯಲ್ಲಿ ಎಲ್ಲರೂ ಇರುವ ಹೊತ್ತು. ಕಾಲೇಜಿಗೆ ಹೋಗುವ ಮಗಳೋ ಮಗನೋ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. "ಅಮ್ಮಾ, ಒಂದು ಗಂಟೆ ಮಿಕ್ಸರ್ ಹಾಕಬೇಡ" ಎಂಬ ಆಜ್ಞೆ ಬೇರೆ. ಯಾರ ಜತೆ ಮಾತುಕತೆ ಎಂದು ಕೇಳಿದರೆ ಒಬ್ಬ ಬ್ರೆಜಿಲಿನವನು, ಒಬ್ಬಳು ವಿಯೆಟ್ನಾಮಿನವಳು, ಇನ್ನೊಬ್ಬ ಪೋಲೆಂಡಿನವನು ಎಂಬ ಉತ್ತರ ಬರುತ್ತದೆ. ಏನು ವಿಷಯ? "ಕಾಂಪಿಟೀಶನ್, ಬಿಸಿನೆಸ್ ಕಾಂಪಿಟೀಶನ್."

ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರಬಹುದು. ಗೊತ್ತಿಲ್ಲದವರಿಗಾಗಿ ಮೊದಲು ಒಂದೆರಡು ಮಾತು.

ವ್ಯಾಪಾರ ಸ್ಪರ್ಧೆ ಎಂದರೆ ಅಂಗಡಿ ಇಟ್ಟು ಲಾಭ ತೋರಿಸುವುದಲ್ಲ. ವಿದ್ಯಾರ್ಥಿಗಳಿಗೆ ಒಂದು ನಿಜವಾದ ಸಮಸ್ಯೆ ಕೊಡುತ್ತಾರೆ. ತಂಡವಾಗಿ ಕೂತು ಪರಿಹಾರದ ಯೋಜನೆ ಬರೆಯಬೇಕು. ಇದರಲ್ಲಿ ಎರಡು ಬಗೆಯನ್ನು ನಾನು ಹೆಸರಿಸುತ್ತೇನೆ. ಒಂದು, ಹಲ್ಟ್ ಪ್ರೈಜ್. ಗೆದ್ದ ತಂಡಕ್ಕೆ ಹತ್ತು ಲಕ್ಷ ಡಾಲರು. 2014ರಲ್ಲಿ ಈ ಬಹುಮಾನ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ನ್ಯಾನೋಹೆಲ್ತ್ ತಂಡಕ್ಕೆ ಬಂತು. ಕೊಳೆಗೇರಿಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರನ್ನು ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೇ ಹೋಗಿ ಪರೀಕ್ಷಿಸುವ ಯೋಜನೆ ಅವರದು. ಮರುವರ್ಷ, ಅಂದರೆ 2015ರಲ್ಲಿ, ಗೆದ್ದದ್ದು ತೈವಾನಿನ ವಿಶ್ವವಿದ್ಯಾಲಯವೊಂದರಲ್ಲಿ ಓದುತ್ತಿದ್ದ, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳ ತಂಡ. ಬಡ ಬಡಾವಣೆಗಳ ಪುಟ್ಟ ಮಕ್ಕಳಿಗೆ ಶಿಶುವಿಹಾರ ಕಟ್ಟುವ ಯೋಜನೆ ಅದು.

ಎರಡನೆಯದು ಎಕ್ಸ್-ಕಲ್ಚರ್. ಇದನ್ನು 2010ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೋ ಕೇಂದ್ರದ ಪ್ರಾಧ್ಯಾಪಕ ವಾಸ್ ತಾರಾಸ್ ಆರಂಭಿಸಿದರು. ಇದರ ವಿಶೇಷ ಏನೆಂದರೆ ತಂಡವನ್ನು ನೀವು ಆರಿಸಿಕೊಳ್ಳುವಂತಿಲ್ಲ. ಐದಾರು ಮಂದಿ, ಒಬ್ಬೊಬ್ಬರೂ ಒಂದೊಂದು ದೇಶದವರು. ಮುಖಾಮುಖಿ ಭೇಟಿ ಇಲ್ಲ. ಇ-ಮೇಲ್, ಸಂದೇಶ, ವಿಡಿಯೋ ಕಾಲ್‌ಗಳಲ್ಲೇ ಎಲ್ಲ. ಒಂದು ಕಂಪೆನಿ ತನ್ನ ಸಮಸ್ಯೆ ಹೇಳುತ್ತದೆ: ನಮ್ಮ ಪದಾರ್ಥವನ್ನು ಯಾವ ಹೊಸ ದೇಶದಲ್ಲಿ ಮಾರಬಹುದು, ಬೆಲೆ ಎಷ್ಟಿಡಬೇಕು, ಪ್ರಚಾರ ಹೇಗೆ? ಕೆಲವು ವಾರಗಳಲ್ಲಿ ತಂಡ ವರದಿ ಬರೆದು ಒಪ್ಪಿಸಬೇಕು. ಜತೆಗೆ ತಂಡದವರೇ ಒಬ್ಬರಿಗೊಬ್ಬರು ಅಂಕ ಕೊಡಬೇಕು. ಯಾರು ಕೆಲಸ ಮಾಡಿದರು, ಯಾರು ಹೆಸರಿಗೆ ಮಾತ್ರ ಇದ್ದರು ಎಂಬುದು ಆ ಅಂಕದಲ್ಲಿ ಹೊರಬೀಳುತ್ತದೆ.

ಇಂಥದ್ದೇ ಒಂದು ಸ್ಪರ್ಧೆಯಲ್ಲಿ ಭಾಗವಹಿಸಿದ ನಮ್ಮ ನೆರೆಮನೆಯ ಹುಡುಗಿಯ ಕತೆಯನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಹೆಸರು ಬೇಡ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಡೊಂಬಿವಲಿ ಪೂರ್ವದಲ್ಲಿ ಒಂದು ಕೋಣೆ, ಅಡಿಗೆಮನೆಯ ಸಂಸಾರ. ತಂದೆ ಕುಂದಾಪುರದ ಕಡೆಯವರು. ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್‌ಬಶಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಫೋರ್ಟಿನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ಮಗಳು ನವಿಮುಂಬಯಿಯ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ದಿನವೂ ಡೊಂಬಿವಲಿಯಿಂದ ಠಾಣೆಗೆ, ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಟ್ರಾನ್ಸ್‌ಹಾರ್ಬರ್ ಗಾಡಿಗೆ. 2004ರಲ್ಲಿ ಆ ಮಾರ್ಗ ಶುರುವಾಗದೇ ಇದ್ದಿದ್ದರೆ ನಮ್ಮ ಕಡೆಯ ಎಷ್ಟೋ ಮಕ್ಕಳು ಕುರ್ಲಾ ಸುತ್ತಿಕೊಂಡೇ ಓದು ಮುಗಿಸಬೇಕಾಗಿತ್ತು. ಇರಲಿ.

2023ರ ಫೆಬ್ರವರಿಯಲ್ಲಿ ಅವಳ ತಂಡ ಕೂಡಿತು. ಆರು ಜನ: ನಮ್ಮ ಹುಡುಗಿ, ಅಮೆರಿಕದ ಪೂರ್ವ ಕರಾವಳಿಯ ಒಬ್ಬ, ಬ್ರೆಜಿಲ್, ಪೋಲೆಂಡ್, ಟರ್ಕಿಯ ಒಬ್ಬೊಬ್ಬರು, ವಿಯೆಟ್ನಾಮಿನ ಒಬ್ಬಳು. ಮೊದಲ ತೊಡಕು ಗಡಿಯಾರದ್ದು. ಎಲ್ಲರಿಗೂ ಎಚ್ಚರವಿರುವ ಒಂದು ಗಂಟೆ ಹುಡುಕಲು ಮೂರು ದಿನ ಹಿಡಿಯಿತಂತೆ. ಕೊನೆಗೆ ಸಿಕ್ಕಿದ್ದು ನಮ್ಮ ಭಾನುವಾರ ಸಂಜೆ ಏಳೂವರೆ. ಆಗ ವಿಯೆಟ್ನಾಮಿನಲ್ಲಿ ರಾತ್ರಿ ಒಂಬತ್ತು, ಟರ್ಕಿಯಲ್ಲಿ ಸಂಜೆ ಐದು, ಪೋಲೆಂಡಿನಲ್ಲಿ ಮಧ್ಯಾಹ್ನ ಮೂರು, ಬ್ರೆಜಿಲಿನಲ್ಲಿ ಬೆಳಗ್ಗೆ ಹನ್ನೊಂದು, ಅಮೆರಿಕದಲ್ಲಿ ಬೆಳಗ್ಗೆ ಒಂಬತ್ತು. ಭಾನುವಾರ ನಮ್ಮಲ್ಲಿ ಮೆಗಾಬ್ಲಾಕ್. ಯಾರದೋ ಮನೆಗೆ ಹೋಗಿದ್ದವಳು ಗಾಡಿ ಸಿಗದೆ ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ಸಭೆ ಮುಗಿಸಿದ್ದೂ ಉಂಟು.

ಮಾರ್ಚ್ 12ರಂದು ಇನ್ನೊಂದು ಎಡವಟ್ಟು. ಅಂದು ಅಮೆರಿಕದಲ್ಲಿ ಬೇಸಿಗೆಯ ಲೆಕ್ಕಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರು. ಆ ಹುಡುಗ ತನ್ನ ಒಂಬತ್ತಕ್ಕೆ ಸರಿಯಾಗಿ ಬಂದು ಕೂತ. ನಮಗೆ ಆಗ ಇನ್ನೂ ಆರೂವರೆ. ಒಂದು ಗಂಟೆ ಅವನು ಒಬ್ಬನೇ ಕಾದ. ಎರಡು ವಾರದ ನಂತರ ಯುರೋಪಿನ ಗಡಿಯಾರವೂ ಮುಂದೆ ಹೋದಾಗ ಎಲ್ಲರೂ ಎಚ್ಚರವಾಗಿದ್ದರು. ಗಡಿಯಾರದ ತೊಡಕು ಹೀಗೆಯೇ, ಒಂದು ಸಲ ಎಡವಿದರೆ ಕಲಿತೇಬಿಡುತ್ತೇವೆ. ಮಾತಿನ ತೊಡಕು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ನಡೆದದ್ದು ಇಷ್ಟು. ಒಂದು ಭಾನುವಾರ ಪೋಲೆಂಡಿನವನು ಕೇಳಿದ: "ಬೆಲೆಯ ಭಾಗವನ್ನು ನೀನು ಶುಕ್ರವಾರದೊಳಗೆ ಬರೆಯುತ್ತೀಯಾ?" ಆ ವಾರ ಇವಳಿಗೆ ಕಾಲೇಜಿನ ಪರೀಕ್ಷೆ. ಗುರುವಾರ ಅಂಬರನಾಥದಲ್ಲಿ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಐದು ಮಂದಿ ಪರದೇಶದವರ ಎದುರು 'ಆಗುವುದಿಲ್ಲ' ಎನ್ನುವುದು ಹೇಗೆ? ಅವಳು ಇಂಗ್ಲಿಷಿನಲ್ಲಿ 'ಪ್ರಯತ್ನ ಮಾಡುತ್ತೇನೆ' ಎಂದಳು.

ಕೇಳುಗರೇ, ಈ ಮಾತನ್ನು ನಮ್ಮಲ್ಲಿ ಯಾರಾದರೂ ಹೇಳಿದ್ದರೆ ನಿಮಗೆ ಏನು ಅರ್ಥವಾಗುತ್ತಿತ್ತು? ಕರಾವಳಿಯವರು "ನೋಡುವ" ಎನ್ನುತ್ತೇವೆ. ಕೆಳಮನೆಯ ಮರಾಠಿ ವಹಿನಿ "ಬಘೂಯಾ" ಎನ್ನುತ್ತಾರೆ. ಗಾಡಿಯಲ್ಲಿ ಜತೆಗೆ ಬರುವವರು "ದೇಖ್ತೇ ಹೈಂ" ಎನ್ನುತ್ತಾರೆ. ಮೂರಕ್ಕೂ ಬಹಳ ಸಲ ಒಂದೇ ಅರ್ಥ: ಕಷ್ಟ, ಇನ್ನೊಮ್ಮೆ ಕೇಳಬೇಡಿ. ಕೇಳಿದವರಿಗೂ ಅದು ಗೊತ್ತಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಇದು ನಮ್ಮ ದಾಕ್ಷಿಣ್ಯದ ವ್ಯವಸ್ಥೆ. ಆದರೆ ಪೋಲೆಂಡಿನವನ ಕಿವಿಗೆ ಬಿದ್ದದ್ದು 'ಹೂಂ' ಎಂದು. ಶುಕ್ರವಾರ ರಾತ್ರಿಯಾದರೂ ಬೆಲೆಯ ಭಾಗ ಬರಲಿಲ್ಲ. ಸಂದೇಶ ಕಳಿಸಿದರೆ ಉತ್ತರವಿಲ್ಲ. ಏಕೆಂದರೆ ನಾಚಿಕೆಯಿಂದ ಇವಳು ಫೋನೇ ತೆಗೆದು ನೋಡಲಿಲ್ಲ. ಅವನು ಶನಿವಾರ ಬೆಳಗಿನವರೆಗೆ ಕೂತು ತಾನೇ ಬರೆದ.

ಆ ವಾರದ ಅಂಕಗಳು ಬಂದಾಗ ಇವಳದು ತಂಡದಲ್ಲೇ ಕೊನೆಯದು. ಹೀಗೆಯೇ ಮುಂದುವರಿದರೆ ತಂಡದಿಂದ ಹೊರಗೆ ಎಂಬ ಎಚ್ಚರಿಕೆಯೂ ಬಂತು. ಅದುವರೆಗೆ ಮಾರುಕಟ್ಟೆಯ ಮಾಹಿತಿಯನ್ನೆಲ್ಲ ಕಲೆಹಾಕಿದವಳು ಅವಳೇ. ಈ ಕೆಲಸಕ್ಕೆ ಕಾಲೇಜಿನಲ್ಲೂ ಅಂಕಗಳಿದ್ದವು. ಹೊರಬಿದ್ದರೆ ಆ ಅಂಕಗಳೂ ಹೋಗುತ್ತಿದ್ದವು. ಹುಡುಗಿ ಊಟ ಬಿಟ್ಟು ಕೂತಳು.

ತಂದೆ ಆ ರಾತ್ರಿ ಗಲ್ಲಾ ಮುಚ್ಚಿ ಮನೆ ಸೇರುವಾಗ ಹನ್ನೆರಡೂವರೆ. ಮಗಳು ಎಚ್ಚರವಿದ್ದಳು. ಏನೆಂದು ಕೇಳಿದರು. ಅವರಿಗೆ ಈ ಸ್ಪರ್ಧೆಯ ತಲೆಬುಡ ತಿಳಿಯದು. ಆದರೂ ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದನ್ನು ಅವಳು ನನಗೆ ಹಾಗೆಯೇ ಒಪ್ಪಿಸಿದಳು.

"ಮಗಾ, ಗಿರಾಕಿ ಇಡ್ಲಿ ಕೇಳಿದ. ಇಡ್ಲಿ ಮುಗ್ದಿದೆ. ಹೊಸ ಮಾಣಿ ಏನ್ ಮಾಡ್ತಾನೆ? ಇಲ್ಲ ಅಂದ್ರೆ ಬೇಜಾರಾಗ್ತದೆ ಅಂತ 'ಆತಾ ಹೈ ಸಾಬ್' ಅಂತಾನೆ. ಗಿರಾಕಿ ಕಾಲು ಗಂಟೆ ಕಾದು ಎದ್ದು ಹೋಗ್ತಾನೆ, ಮತ್ತೆ ಆ ಹೋಟ್ಲಿಗೆ ಕಾಲಿಡೂದಿಲ್ಲ. ಹಳೇ ಮಾಣಿ ಹಾಗಲ್ಲ. 'ಇಡ್ಲಿ ಖತಂ. ಉಪ್ಪಿಟ್ಟು ಬಿಸಿ ಉಂಟು. ಇಡ್ಲಿಯೇ ಬೇಕಂದ್ರೆ ಹತ್ತು ನಿಮಿಷ' ಅಂತ ನಿಂತಲ್ಲೇ ಹೇಳ್ತಾನೆ. ಗಿರಾಕಿ ಸಿಟ್ಟಾಗೂದು ಇಡ್ಲಿ ಇಲ್ಲ ಅಂತಲ್ಲ ಮಗಾ, ಕೂರಿಸಿ ಕಾಯಿಸಿದ್ದಕ್ಕೆ."

ಮರುದಿನ ಅವಳು ತಂಡಕ್ಕೆ ಒಂದು ಪತ್ರ ಬರೆದಳು. ಅದರ ಸಾರ ಇಷ್ಟು: 'ಪ್ರಯತ್ನ ಮಾಡುತ್ತೇನೆ ಎಂದೆ. ನಮ್ಮ ಕಡೆ ಹಾಗೆಂದರೆ ಕಷ್ಟವೆಂದು ಅರ್ಥ. ನಿಮಗದು ಗೊತ್ತಿರಬೇಕೆಂದು ನಾನು ತಿಳಿದದ್ದು ತಪ್ಪು. ನನ್ನ ಪರೀಕ್ಷೆ ಬುಧವಾರ ಮುಗಿಯುತ್ತದೆ. ಸಾಗಣೆಯ ಭಾಗವನ್ನು ಶನಿವಾರಕ್ಕೆ ಖಂಡಿತ ಕೊಡುತ್ತೇನೆ. ಅದಕ್ಕಿಂತ ಮೊದಲು ಆಗುವುದಿಲ್ಲ.'

ಪೋಲೆಂಡಿನವನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ಅವನಿಗೆ ಸಿಟ್ಟಿರಲಿಲ್ಲವಂತೆ. ಇವಳು ಬಿಟ್ಟು ಹೋದಳೆಂದೇ ತಿಳಿದಿದ್ದನಂತೆ. ಹಿಂದೆಯೇ ವಿಯೆಟ್ನಾಮಿನ ಹುಡುಗಿ ಇವಳಿಗೆ ಮಾತ್ರ ಗುಟ್ಟಾಗಿ ಒಂದು ಸಂದೇಶ ಕಳಿಸಿದಳು. "ನಮ್ಮಲ್ಲೂ ಹೀಗೆಯೇ. ಎರಡು ವಾರದಿಂದ ನನಗೆ ಕೊಟ್ಟ ಕೆಲಸ ಏನೆಂದೇ ನನಗೆ ಅರ್ಥವಾಗಿಲ್ಲ. ಕೇಳಲು ಸಂಕೋಚ." ಸಭೆಗಳಲ್ಲಿ ಆ ಹುಡುಗಿ ನಗುತ್ತಾ ತಲೆಯಾಡಿಸುತ್ತಿದ್ದಳು. ಅರ್ಥವಾಗಿದೆಯೆಂದು ಎಲ್ಲರೂ ತಿಳಿದಿದ್ದರು. ಇಬ್ಬರೂ ಬೇರೆ ಒಂದು ಹೊತ್ತಿನಲ್ಲಿ ಮಾತಾಡಿ ಆ ಭಾಗವನ್ನು ಒಟ್ಟಿಗೆ ಮುಗಿಸಿದರು.

ಆಮೇಲೆ ತಂಡ ಒಂದು ನಿಯಮ ಮಾಡಿಕೊಂಡಿತು. ಪ್ರತಿ ಬುಧವಾರ ಪ್ರತಿಯೊಬ್ಬರೂ ಒಂದು ಸಾಲು ಬರೆಯಬೇಕು: ಆಗುತ್ತದೆ, ಆಗುವುದಿಲ್ಲ, ಇಲ್ಲವೇ ಇಂಥ ದಿನಕ್ಕೆ ಆಗುತ್ತದೆ. 'ಪ್ರಯತ್ನ ಮಾಡುತ್ತೇನೆ' ಎಂಬ ಮಾತಿಗೆ ಮಾತ್ರ ಅಲ್ಲಿ ಜಾಗವಿಲ್ಲ. ವರದಿ ಹೊತ್ತಿಗೆ ಸರಿಯಾಗಿ ಹೋಯಿತು. ಬಹುಮಾನ ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಪ್ರಮಾಣಪತ್ರ ಬಂತು, ಕಾಲೇಜಿನ ಅಂಕ ಉಳಿಯಿತು.

ಇದೆಲ್ಲ ಒಂದು ಹುಡುಗಿಯ ಸಂಕೋಚದ ಕತೆ ಎಂದು ನಿಮಗೆ ಅನಿಸಬಹುದು. ಆದರೆ ಈ ವಿಷಯವನ್ನೇ ಪಂಡಿತರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರ ತಮ್ಮ ಪುಸ್ತಕದಲ್ಲಿ ಒಂದು ಭೇದ ತೋರಿಸಿದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಮಾತಿನ ಸುತ್ತ ಇರುತ್ತದೆ: ಯಾರು, ಯಾರಿಗೆ, ಯಾವ ದನಿಯಲ್ಲಿ, ಎಷ್ಟು ತಡೆದು ಹೇಳಿದರು ಎಂಬುದರಲ್ಲಿ. ನಾವು ಎರಡನೆಯ ಬಗೆಯವರು. ಎದುರಿಗೆ ಕೂತಾಗ ಮುಖ ನೋಡಿ ತಿಳಿಯುತ್ತದೆ. ಸಾವಿರಾರು ಮೈಲಿ ದೂರದಿಂದ, ಒಂದು ಸಾಲಿನ ಸಂದೇಶದಲ್ಲಿ, ಆ ಸುತ್ತಲಿನದೆಲ್ಲ ಉದುರಿಹೋಗಿ ಬರಿಯ ಮಾತು ಉಳಿಯುತ್ತದೆ.

ನೆದರ್ಲೆಂಡಿನ ಗೀರ್ಟ್ ಹಾಫ್‌ಸ್ಟೆಡ್ ಎಂಬವರು ಐಬಿಎಂ ಕಂಪೆನಿಯ ಬೇರೆ ಬೇರೆ ದೇಶಗಳ ನೌಕರರ ಉತ್ತರಗಳನ್ನು ಕೂಡಿಸಿ 1980ರಲ್ಲಿ ಒಂದು ಗ್ರಂಥ ಬರೆದರು. ಮೇಲಿನವರ ಮಾತಿಗೆ ಎದುರಾಡದೆ ಇರುವ ಗುಣಕ್ಕೆ ಅವರು ಅಂಕ ಕೊಟ್ಟಿದ್ದಾರೆ. ಭಾರತಕ್ಕೆ 77, ಅಮೆರಿಕಕ್ಕೆ 40. ಕಾಲೇಜುಗಳಲ್ಲಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆ. ನಾನೂ ಮಾಡಿಸಿದವನೇ. ಆದರೆ ಒಂದು ಎಚ್ಚರಿಕೆ ಬೇಕು. ಆ ಪಟ್ಟಿಯ ನಂತರದ ರೂಪದಲ್ಲಿ ಪೋಲೆಂಡಿಗೆ 68 ಇದೆ, ಅಂದರೆ ಅಮೆರಿಕಕ್ಕಿಂತ ನಮಗೇ ಹತ್ತಿರ. ಆ ಪಟ್ಟಿ ನೋಡಿಕೊಂಡು ಈ ಹುಡುಗನ ಸ್ವಭಾವ ಊಹಿಸಲು ಹೋಗಿದ್ದರೆ ಪೂರ್ತಿ ತಪ್ಪುತ್ತಿತ್ತು. ದೇಶದ ಸರಾಸರಿ ಬೇರೆ, ಎದುರಿಗಿರುವ ಒಬ್ಬ ಮನುಷ್ಯ ಬೇರೆ. ಡೊಂಬಿವಲಿಯ ಒಂದೇ ಕಟ್ಟಡದಲ್ಲಿ ಎಷ್ಟು ಸ್ವಭಾವಗಳಿವೆ ಎಂದು ನಿಮಗೇ ಗೊತ್ತು.

ಹಾಗಾದರೆ ನಮ್ಮ ದಾಕ್ಷಿಣ್ಯವನ್ನು ಬಿಟ್ಟುಬಿಡಬೇಕೇ? ನಾನು ಹಾಗೆನ್ನುವುದಿಲ್ಲ. ಆ ವಿಯೆಟ್ನಾಮಿನ ಹುಡುಗಿ ಮನಸ್ಸು ಬಿಚ್ಚಿದ್ದು ನಮ್ಮ ಹುಡುಗಿಯ ಹತ್ತಿರವೇ. ದಾಕ್ಷಿಣ್ಯ ಏನೆಂದು ಬಲ್ಲವರಿಗೆ ಇನ್ನೊಬ್ಬರ ಮೌನವೂ ಕೇಳಿಸುತ್ತದೆ. ನಮ್ಮ ಮಕ್ಕಳಿಗೆ ಈ ಕಿವಿ ಬಂದದ್ದು ಎಲ್ಲಿಂದ? ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಮೆಟ್ಟಿಲಿಳಿದರೆ ಮರಾಠಿ, ಗಾಡಿಯಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ದಿನಕ್ಕೆ ನಾಲ್ಕು ಸಲ ಅವರು ಮಾತಿನ ಜತೆ ರೀತಿನೀತಿಯನ್ನೂ ಬದಲಿಸುತ್ತಾರೆ. ಇದು ಬೇರೆಯವರು ಹಣ ಕೊಟ್ಟು ಕಲಿಯುವ ವಿದ್ಯೆ. ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ, ನಮ್ಮ ಹಿರಿಯರು ಊರೂರಿಗೆ ಹೋಟೆಲಿಟ್ಟಾಗ, ಬೇರೆ ಭಾಷೆಯ ಗಿರಾಕಿಯನ್ನು ಅರಿಯುವ ಈ ವಿದ್ಯೆಯೇ ಬಂಡವಾಳವಾಗಿತ್ತು. ಆದ್ದರಿಂದ "ಇಂಗ್ಲಿಷ್ ಕೆಡುತ್ತದೆ, ಮನೆಯಲ್ಲಿ ಕನ್ನಡ ಬೇಡ" ಎಂಬ ಸಲಹೆಗೆ ಕಿವಿಗೊಡಬೇಡಿ. ಆ ತಂಡದ ಆರು ಜನರಲ್ಲಿ ಇಂಗ್ಲಿಷ್ ತಾಯ್ನುಡಿಯಾಗಿದ್ದದ್ದು ಒಬ್ಬನಿಗೆ ಮಾತ್ರ. ಉಳಿದವರದೂ ನಮ್ಮ ಹಾಗೆ ಕಲಿತ ಇಂಗ್ಲಿಷೇ.

ಇಂಥ ಸ್ಪರ್ಧೆಗೆ ಹೋಗುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕೆಲವು ಮಾತು ಹೇಳಿಡಿ. ಮೊದಲ ವಾರದಲ್ಲೇ ಯಾರ ಕೆಲಸ ಏನು, ಯಾವ ದಿನಕ್ಕೆ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಸಭೆಯ ಹೊತ್ತನ್ನು ಪ್ರತಿ ದೇಶದ ಗಡಿಯಾರದಲ್ಲೂ ಬರೆಯಲಿ. ಸಭೆ ಮುಗಿದ ಮೇಲೆ ಒಬ್ಬರು ನಾಲ್ಕು ಸಾಲಿನಲ್ಲಿ ತೀರ್ಮಾನ ಬರೆದು ಎಲ್ಲರಿಗೂ ಕಳಿಸಲಿ, ಅಲ್ಲೇ ಎಷ್ಟೋ ತಪ್ಪು ತಿಳಿವಳಿಕೆ ಹೊರಬೀಳುತ್ತದೆ. ಸುಮ್ಮನಿರುವವರನ್ನು ಹೆಸರು ಹಿಡಿದು ಕೇಳಲಿ. ಇನ್ನು, ಅಂತಾರಾಷ್ಟ್ರೀಯ ಎಂಬ ಹೆಸರು ಹಚ್ಚಿಕೊಂಡು ಬರಿಯ ಪ್ರಮಾಣಪತ್ರ ಮಾರುವವರೂ ಇದ್ದಾರೆ. ಯಾರಾದರೂ ಹಣ ಕೇಳಿದರೆ ಕಾಲೇಜಿನ ಅಧ್ಯಾಪಕರ ಹತ್ತಿರ ವಿಚಾರಿಸಿದ ಮೇಲೆಯೇ ಕೊಡಿ.

ಕೊನೆಯದಾಗಿ ನನ್ನದೇ ಒಂದು ತಪ್ಪೊಪ್ಪಿಗೆ. ನಾನು ಕಲ್ಯಾಣದ ಕಡೆ ಕಾಲೇಜಿನಲ್ಲಿ ಬಹಳ ವರ್ಷ ವಾಣಿಜ್ಯ ಕಲಿಸಿದವನು. ಪಾಠ ಮುಗಿಸಿ "ಅರ್ಥವಾಯಿತೇ?" ಎನ್ನುತ್ತಿದ್ದೆ. ಇಡೀ ತರಗತಿ "ಯೆಸ್ ಸರ್" ಎನ್ನುತ್ತಿತ್ತು. ಪರೀಕ್ಷೆಯ ಉತ್ತರಪತ್ರಿಕೆ ನೋಡಿದಾಗ ಅರ್ಧಕ್ಕರ್ಧ ಮಂದಿಗೆ ಅರ್ಥವಾಗಿರಲಿಲ್ಲ. ಮಕ್ಕಳು ಸುಳ್ಳು ಹೇಳುತ್ತಾರೆಂದು ಸಿಟ್ಟಾಗುತ್ತಿದ್ದೆ. ಈ ಹುಡುಗಿಯ ಕತೆ ಕೇಳಿದ ಮೇಲೆ ನೆನಪಾಯಿತು, ಒಮ್ಮೆ ಒಬ್ಬ ಹುಡುಗ ಎದ್ದು ನಿಂತು "ಇಲ್ಲ ಸರ್, ಅರ್ಥವಾಗಲಿಲ್ಲ" ಎಂದಿದ್ದ. ನಾನು "ಗಮನ ಎಲ್ಲಿತ್ತು?" ಎಂದು ಗದರಿಸಿ ಕೂರಿಸಿದ್ದೆ. ಆ ವರ್ಷ ಮತ್ತೆ ಯಾರೂ ಏಳಲಿಲ್ಲ. ದಾಕ್ಷಿಣ್ಯದ 'ಹೂಂ' ಕಲಿಸಿದವರಲ್ಲಿ ನಾನೂ ಒಬ್ಬ.

ಮನೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ಮಗ "ಇವತ್ತು ಆಗುವುದಿಲ್ಲ ಅಮ್ಮಾ" ಎಂದರೆ ಎದುರುತ್ತರ ಎನ್ನುತ್ತೇವೆ, "ಆಯಿತು" ಎಂದು ಹೇಳಿ ಮಾಡದೆ ಬಿಟ್ಟರೆ ಮರೆವು ಎನ್ನುತ್ತೇವೆ. ಮೊದಲನೆಯದಕ್ಕೆ ಬೈಗುಳ ಹೆಚ್ಚು. ಮಕ್ಕಳು ಬುದ್ಧಿವಂತರು, ಎರಡನೆಯದನ್ನು ಆರಿಸಿಕೊಳ್ಳುತ್ತಾರೆ.

ನಮ್ಮ ಹುಡುಗಿ ಈಗ ಐರೋಲಿಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಮೇಜಿನ ಆಚೆಬದಿ ಈಗಲೂ ಬೇರೆ ದೇಶದವರೇ. ಮೊನ್ನೆ ನಮ್ಮ ಮನೆಯಲ್ಲೊಂದು ಪೂಜೆಗೆ ಕರೆದಾಗ "ಅಂಕಲ್, ಶನಿವಾರ ಬರ್ಲಿಕ್ಕೆ ಆಗೂದಿಲ್ಲ, ಭಾನುವಾರ ಬೆಳಿಗ್ಗೆ ಬಂದು ಪ್ರಸಾದ ತಗೊಂಡು ಹೋಗ್ತೇನೆ" ಎಂದಳು. ನನ್ನ ಹೆಂಡತಿಗೆ ಅರೆಕ್ಷಣ ಕಸಿವಿಸಿಯಾಯಿತು. ಭಾನುವಾರ ಬೆಳಗ್ಗೆ ಎಂಟೂವರೆಗೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಪಾಲಿನ ಪ್ರಸಾದ ತೆಗೆದಿಟ್ಟಿದ್ದೆವು.